ತೂತು ಬಿದ್ದ ಸೆಂಟಿಗೆ ಎಷ್ಟು ಅಂಕ?

ಆಕ್ಲೆಂಡ್ ವಿಮಾನ ನಿಲ್ದಾಣ

ನಾನು ನ್ಯೂಜಿಲೆಂಡಿಗೆ ಹೋಗಿದ್ದು ಹಿಮ ನೋಡುವುದಕ್ಕಲ್ಲ, ಕುರಿ ನೋಡುವುದಕ್ಕೂ ಅಲ್ಲ. ಹೋಗಿಬಂದವರೆಲ್ಲ ಬೆಟ್ಟ, ಸರೋವರ, ಹಸಿರು ಅಂತ ಫೋಟೊ ತೋರಿಸುತ್ತಾರೆ. ನನ್ನ ಹತ್ತಿರ ಇರುವುದು ಅಂಚು ಮುಕ್ಕಾದ, ಮೂಗು ಸವೆದ, ನಡುವೆ ತೂತು ಬಿದ್ದ ತಾಮ್ರದ ನಾಣ್ಯಗಳ ಫೋಟೊ. ನೋಡಿದವರು, "ಇದಕ್ಕೋಸ್ಕರ ಅಷ್ಟು ದೂರ ಹೋದ್ರಾ ಮೇಡಂ?" ಅಂತ ಕೇಳುತ್ತಾರೆ. ಹೌದು ಕಣ್ರೀ, ಇದಕ್ಕೋಸ್ಕರವೇ. ಇನ್ನೊಂದು ಸಲ ಕರೆದರೆ ಇವತ್ತೇ ಚೀಲ ಕಟ್ಟುತ್ತೇನೆ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ತುಮಕೂರಿನ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಸಮಾಜ ಪಾಠ ಮಾಡಿದವಳು ನಾನು. ಎಸ್ಸೆಸ್ಸೆಲ್ಸಿ ಪೇಪರ್ ತಿದ್ದುವ ಕ್ಯಾಂಪಿನಲ್ಲಿ ನನಗೆ 'ಅರ್ಧ ಮಾರ್ಕ್ಸ್ ವಿಶಾಲಾಕ್ಷಿ' ಅಂತ ಹೆಸರು. ಎರಡು ಅಂಕದ ಪ್ರಶ್ನೆಗೆ ಒಂದೂವರೆ ಕೊಡುವುದು ನನ್ನ ಕೈಗುಣ. ಯಾರು ಬಂದು ಗೋಗರೆದರೂ ಗ್ರೇಸ್ ಮಾರ್ಕ್ಸ್ ಅಂತ ಒಂದೇ ಒಂದು ಅಂಕ ಹಾಕಿದವಳಲ್ಲ. ಕಾಪಿ ಹೊಡೆದವರನ್ನಂತೂ ಅಕ್ಷರ ನೋಡಿಯೇ ಹಿಡಿಯುತ್ತಿದ್ದೆ.

ನಾಣ್ಯದ ಹುಚ್ಚು ಹತ್ತಿದ್ದು ಗುಜರಿ ಅಂಗಡಿಯಲ್ಲಿ. ಹಳೇ ತಾಮ್ರದ ರಾಶಿಯಲ್ಲಿ ಒಂದು ದಿನ ದೊಡ್ಡದೊಂದು ಬಿಲ್ಲೆ ಸಿಕ್ಕಿತು. ನಮ್ಮ ಹಳೇ ಒಂದು ರೂಪಾಯಿಯಷ್ಟು ಅಗಲ, ಅದಕ್ಕಿಂತ ದಪ್ಪ. ಒಂದು ಕಡೆ ಕೂದಲಿಗೆ ರಿಬ್ಬನ್ ಕಟ್ಟಿದ ಹೆಂಗಸಿನ ಮುಖ, ಅವಳ ತಲೆಯ ಮೇಲೆ 'ಲಿಬರ್ಟಿ' ಅಂತ ಹೆಸರು, ಇನ್ನೊಂದು ಕಡೆ ಎಲೆಗಳ ಮಾಲೆ, ನಡುವೆ 'ಒನ್ ಸೆಂಟ್' ಅಂತ ಇಂಗ್ಲಿಷ್ ಅಕ್ಷರ. ಇನ್ನೂರು ವರ್ಷದ ಹಿಂದಿನ ಅಮೆರಿಕದ ಸೆಂಟು ಅದು! ಯಾವ ಹಡಗಿನಲ್ಲಿ ಮದ್ರಾಸಿಗೆ ಬಂತೋ, ಯಾರ ಜೇಬಿನಲ್ಲಿ ತುಮಕೂರಿಗೆ ಬಂತೋ, ದೇವರೇ ಬಲ್ಲ. ಮುಖದ ಮೇಲೆ ಯಾರೋ ಉಳಿ ಹೊಡೆದಿದ್ದರು. ಅವತ್ತೇ ನಾನು ಕೆಟ್ಟೆ.

ನಿವೃತ್ತಿಯಾದ ಮೇಲೆ ಮನೆಗೆ ಕಂಪ್ಯೂಟರ್ ಬಂತು. ಇಂಥ ನಾಣ್ಯಗಳ ಹುಚ್ಚರದ್ದೇ ಒಂದು ಗುಂಪು ಇಂಟರ್ನೆಟ್ಟಿನಲ್ಲಿದೆ ಅಂತ ಗೊತ್ತಾಯಿತು. ಅವರು ನಾಣ್ಯಕ್ಕೆ ಅಂಕ ಕೊಡುವ ರೀತಿ ನೋಡಿ ನಾನು ಕುರ್ಚಿಯಿಂದ ಎದ್ದು ನಿಂತೆ. ಅಂಕ ಒಂದರಿಂದ ಎಪ್ಪತ್ತು. ಆದರೆ ಪೆಟ್ಟು ತಿಂದ ತಾಮ್ರಕ್ಕೆ ಎರಡೆರಡು ಅಂಕ. ಕೂದಲ ಎಳೆ, ಎಲೆ, ಅಕ್ಷರ ಎಷ್ಟು ಉಳಿದಿವೆ ಅನ್ನುವುದಕ್ಕೆ ಮೊದಲನೆಯದು. ತೂತು, ಗೀರು, ತುಕ್ಕು ಎಲ್ಲಕ್ಕೂ ಕಳೆದು ಉಳಿಯುವ ನಿವ್ವಳ ಅಂಕ ಎರಡನೆಯದು. ಅಯ್ಯೋ, ಇದು ನಾನು ಹುಟ್ಟಿದ್ದೇ ಮಾಡುವುದಕ್ಕೆ ಅನ್ನುವಂಥ ಕೆಲಸ!

ಆ ಗುಂಪಿನಲ್ಲಿ ನನ್ನ ಜೊತೆ ದಿನಾ ಜಗಳವಾಡುತ್ತಿದ್ದವರು ರಾನ್ ಅನ್ನುವ ಮುದುಕರು. ನಾನು ಐದು ಅಂದರೆ ಅವರು ಏಳು ಅನ್ನುವರು. ಎರಡು ವರ್ಷ ಹೀಗೇ ಇ-ಮೇಲಿನಲ್ಲಿ ಕಿತ್ತಾಡಿದೆವು. ಆಮೇಲೆ ಒಂದು ದಿನ ಗೊತ್ತಾಯಿತು, ಅವರಿರುವುದು ಅಮೆರಿಕದಲ್ಲಲ್ಲ, ನ್ಯೂಜಿಲೆಂಡಿನ ಪೆಟೋನಿಯಲ್ಲಿ. ನನ್ನ ಅಕ್ಕನ ಮಗಳು ರೂಪಾ ಇರುವ ಲೋವರ್ ಹಟ್‌ಗೆ ಅಲ್ಲಿಂದ ಕಾರಿನಲ್ಲಿ ಹತ್ತೇ ನಿಮಿಷ. "ಚಿಕ್ಕಮ್ಮ, ಬಾ ಅಂತ ನಾಲ್ಕು ವರ್ಷದಿಂದ ಕರೀತಿದೀನಿ, ಬರಲಿಲ್ಲ. ತೂತು ಕಾಸು ಅಂದ ತಕ್ಷಣ ಟಿಕೆಟ್ ತಗೊಂಡ್ಯಾ?" ಅಂತ ರೂಪಾ ಫೋನಿನಲ್ಲೇ ಮೂದಲಿಸಿದಳು. ಎರಡು ಸಾವಿರದ ಆರನೇ ಇಸವಿಯ ಫೆಬ್ರವರಿಯಲ್ಲಿ ಹೊರಟೇಬಿಟ್ಟೆ.

ಆಕ್ಲೆಂಡಿನಲ್ಲಿ ಇಳಿದವಳಿಗೆ ಎದುರಾಗಿದ್ದು ತಿಂಡಿ ತಪಾಸಣೆ. ಹೊರಗಿನ ಬೀಜ, ಹಣ್ಣು, ಮಣ್ಣು ಕಂಡರೆ ಆ ದೇಶಕ್ಕೆ ಆಗುವುದಿಲ್ಲ. ಶೂ ತಳವನ್ನೂ ನೋಡುತ್ತಾರೆ. ನನ್ನ ಚೀಲದಲ್ಲಿ ಎರಡು ಕೆ.ಜಿ. ಹುಣಸೆಹಣ್ಣು. ರೂಪಾಳ ಅತ್ತೆ ಕಮಲಮ್ಮನವರು ಮಗನ ಮನೆಗೆ ಬಂದು ಕೂತು, "ಇಲ್ಲಿಯ ಹುಣಸೆಹಣ್ಣು ಹುಳೀನೇ ಇಲ್ಲ, ತುಮಕೂರಿಂದ ತನ್ನಿ" ಅಂತ ಹೇಳಿಕಳಿಸಿದ್ದರು. ಬೀಗಿತ್ತಿ ಕೇಳಿದ್ದನ್ನು ಇಲ್ಲ ಅನ್ನುವುದುಂಟೇ? ಅಧಿಕಾರಿ ಆ ಕಂದು ಮುದ್ದೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಬೀಜ ಒಂದೂ ಇಲ್ಲ, ನಾರು ತೆಗೆದಿದ್ದೇನೆ, ನಾನೇ ಕೂತು ಬಿಡಿಸಿದ್ದು ಅಂತ ಹತ್ತು ನಿಮಿಷ ಪಾಠ ಮಾಡಿದೆ. ಸುಸ್ತಾಗಿ ಬಿಟ್ಟುಬಿಟ್ಟ. ಯುದ್ಧ ಗೆದ್ದವಳ ಹಾಗೆ ಹೊರಗೆ ಬಂದು ವೆಲಿಂಗ್ಟನ್ ವಿಮಾನ ಹತ್ತಿದೆ. ಆ ಗೆಲುವು ನನಗೇ ತಿರುಗಿಬೀಳುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಲೋವರ್ ಹಟ್

ಅಲ್ಲಿಯ ಗಾಳಿಯ ವಿಷಯ ಕೇಳಬೇಡಿ. ಕಾರಿನ ಬಾಗಿಲು ತೆಗೆದರೆ ಬಾಗಿಲೇ ನನ್ನನ್ನು ಎಳೆದುಕೊಂಡು ಹೋಗುತ್ತಿತ್ತು. ಸೆರಗಿಗೆ ಮೂರು ಪಿನ್ನು ಹಾಕಿಕೊಂಡು ಓಡಾಡಿದೆ. ಜನ ಮಾತ್ರ ಬರಿಗಾಲಲ್ಲಿ ಸೂಪರ್ ಮಾರ್ಕೆಟ್ಟಿಗೆ ಬರುತ್ತಾರೆ! ಸೂಟು ಹಾಕಿಕೊಂಡವನೊಬ್ಬ ಚಪ್ಪಲಿಯಿಲ್ಲದೆ ಬ್ರೆಡ್ ಆರಿಸುತ್ತಿದ್ದ. ನಮ್ಮಲ್ಲಿ ಬರಿಗಾಲು ಅಂದರೆ ದೇವಸ್ಥಾನ. ಬಸ್ಸಿನಿಂದ ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ನನಗೆ ಎಷ್ಟು ಇಷ್ಟವಾಯಿತೆಂದರೆ, ಸುಮ್ಮನೆ ಎರಡು ಸ್ಟಾಪು ಹೋಗಿ ಥ್ಯಾಂಕ್ಸ್ ಹೇಳಿ ಇಳಿದುಬಂದೆ.

ಮನೆಯಲ್ಲಿ ರೂಪಾ, ಅವಳ ಗಂಡ ಶ್ರೀಧರ, ಕಮಲಮ್ಮನವರು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋದರೆ ನಾವು ಬೀಗಿತ್ತಿಯರಿಬ್ಬರೇ. ಕಮಲಮ್ಮನವರಿಗೆ ಎಪ್ಪತ್ತೆರಡು. ಅಡುಗೆಮನೆ ಕಿಟಕಿಯ ಪಕ್ಕದ ಶೆಲ್ಫೇ ಅವರ ದೇವರ ಕೋಣೆ. ತಾಮ್ರದ ಚೊಂಬು, ಪಂಚಪಾತ್ರೆ, ಉದ್ಧರಣೆ ಎಲ್ಲ ಮೈಸೂರಿನಿಂದ ಹೊತ್ತು ತಂದಿದ್ದಾರೆ. ನಾನು ತಂದ ಹುಣಸೆಹಣ್ಣನ್ನು ಮೂಸಿ, "ಆಹಾ, ಇದು ಹುಣಸೆಹಣ್ಣು ಅಂದ್ರೆ! ಈ ಶುಕ್ರವಾರ ನನ್ನ ತಾಮ್ರ ನೋಡಿ ವಿಶಾಲಾಕ್ಷಮ್ಮ, ಕನ್ನಡಿ ಆಗತ್ತೆ" ಅಂದರು.

ಪೆಟೋನಿ

ಬುಧವಾರ ಶ್ರೀಧರ ನನ್ನನ್ನು ರಾನ್ ಮನೆಗೆ ಬಿಟ್ಟುಹೋದ. ಸಮುದ್ರದ ಹತ್ತಿರ ಪುಟ್ಟ ಮರದ ಮನೆ. ಬಾಗಿಲು ತೆಗೆದವರು ಎತ್ತರದ, ಬಗ್ಗಿದ ಬೆನ್ನಿನ ಮುದುಕರು. ಎಂಬತ್ತರ ಹತ್ತಿರ. ನನ್ನ ಮುಖದ ಪಕ್ಕಕ್ಕೆ ಎಲ್ಲೋ ನೋಡುತ್ತ, "ನೀನೇನಾ ಆ ಜಿಪುಣಿ?" ಅಂದರು. "ನೀವೇನಾ ಆ ಧಾರಾಳಿ?" ಅಂದೆ. ಇಬ್ಬರೂ ಜೋರಾಗಿ ನಕ್ಕೆವು. ನಾವು ಮಾತಾಡಿದ್ದು ಇಂಗ್ಲಿಷಿನಲ್ಲೇ. ನನ್ನ ತುಮಕೂರು ಇಂಗ್ಲಿಷು ಅವರಿಗೆ, ಅವರ ನ್ಯೂಜಿಲೆಂಡ್ ಇಂಗ್ಲಿಷು ನನಗೆ ಅರ್ಧರ್ಧ ಅರ್ಥವಾಗುತ್ತಿತ್ತು, ಉಳಿದದ್ದನ್ನು ನಾಣ್ಯ ತೋರಿಸಿ ಮುಗಿಸುತ್ತಿದ್ದೆವು.

ಅವರ ಕಣ್ಣಿನ ನಡುಭಾಗ ಮಂಜಾಗುತ್ತ ಬಂದಿತ್ತು. ಅಂಚಿನಿಂದ ಮಾತ್ರ ಕಾಣುತ್ತಿತ್ತು, ಅದಕ್ಕೇ ಆ ಪಕ್ಕದ ನೋಟ. ಇನ್ನೊಂದು ವರ್ಷದಲ್ಲಿ ಅದೂ ಹೋಗುತ್ತದೆ ಅಂತ ಡಾಕ್ಟರು ಹೇಳಿದ್ದರಂತೆ. ಹಾಗಂತ ಒಂದು ಗೊಣಗಾಟವಿಲ್ಲ. ಟೀ ಕೊಟ್ಟರು, ಮರದ ಪೆಟ್ಟಿಗೆ ಎಳೆದರು, ನಾನು ಭೂತಗನ್ನಡಿ ತೆಗೆದೆ.

ಇನ್ನೂರಕ್ಕೂ ಹೆಚ್ಚು ಸೆಂಟುಗಳು, ಒಂದೂ ನೆಟ್ಟಗಿಲ್ಲ! ಒಂದಕ್ಕೆ ಗುಂಡೇಟು. ಒಂದನ್ನು ಯಾರೋ ಕತ್ತರಿಯಲ್ಲಿ ಅರ್ಧ ಮಾಡಿದ್ದಾರೆ. ಒಂದಕ್ಕೆ ಸುತ್ತ ಹಲ್ಲು ಕೊರೆದು ಗಾಲಿ ಮಾಡಿದ್ದಾರೆ. ಒಂದರ ಮೇಲೆ ಕಮ್ಮಾರನೊಬ್ಬ ತನ್ನ ಗುರುತಿನ ಅಚ್ಚು ಹೊಡೆದಿದ್ದಾನೆ, ಲಿಬರ್ಟಿಯ ಕೆನ್ನೆಗೇ. ಪ್ರತಿಯೊಂದೂ ಒಂದೊಂದು ಪುಟ್ಟ ಕಾಗದದ ಲಕೋಟೆಯಲ್ಲಿ. ಮೇಲೆ ಎರಡು ಅಂಕ, ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು: 'ತೂತು. ಯಾರೋ, ಮೊಳೆಯಿಂದ.' 'ಗೀರು. ಯಾರದೋ ನೇಗಿಲು.' 'ಹಲ್ಲಿನ ಗುರುತು. ಯಾರೋ, ಯಾಕೋ.' ನಾನು ಒಂದೊಂದನ್ನೂ ತೆಗೆದು, ನೋಡಿ, ಅಂಕ ಹೇಳಿ, ಅವರ ಅಂಕ ಕೇಳಿ, ಜಗಳವಾಡಿ, ಮತ್ತೊಂದು ತೆಗೆದೆ. ಊಟದ ಹೊತ್ತು ಮೀರಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ನನ್ನ ಜನ್ಮದಲ್ಲಿ ಅಷ್ಟು ಖುಷಿಯಾದ ದಿನಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು.

"ಚೆನ್ನಾಗಿರೋದನ್ನ ಯಾಕೆ ಇಟ್ಟುಕೊಂಡಿಲ್ಲ?" ಅಂತ ಕೇಳಿದೆ.

"ಅವು ಡ್ರಾಯರಿನಿಂದ ಡ್ರಾಯರಿಗೆ ಹೋದವು. ಇವು ಊರು ಸುತ್ತಿದವು," ಅಂದರು.

ಕೊನೆಗೆ ಅಂಗಿ ಜೇಬಿನಿಂದ ಒಂದು ನಾಣ್ಯ ತೆಗೆದರು. ಸಾವಿರದ ಏಳುನೂರ ತೊಂಬತ್ತೆಂಟನೇ ಇಸವಿಯದು. ತಲೆಯ ಮೇಲುಗಡೆ ತೂತು, ಅಂಚಿಗೆ ಒಂದು ಪೆಟ್ಟು. ಆದರೆ ಬಣ್ಣ! ಒಳ್ಳೇ ಫಿಲ್ಟರ್ ಕಾಫಿ ಡಿಕಾಕ್ಷನ್ನಿನ ಹಾಗೆ, ಕಪ್ಪಲ್ಲ ಕಂದಲ್ಲ, ಒಳಗಿಂದ ಹೊಳಪು. ಅವರ ಹೆಂಡತಿ ಮಾರ್ಗರೆಟ್ ಆಲೂಗೆಡ್ಡೆ ಅಗೆಯುವಾಗ ಸಿಕ್ಕಿದ್ದಂತೆ. ತಿಮಿಂಗಿಲ ಬೇಟೆಗೆ ಬಂದ ಅಮೆರಿಕದವರು ಬೀಳಿಸಿಕೊಂಡಿರಬೇಕು. ಮಾರ್ಗರೆಟ್ ಅದನ್ನು ದಾರದಲ್ಲಿ ಪೋಣಿಸಿ ನಲವತ್ತು ವರ್ಷ ಕೊರಳಲ್ಲಿ ಹಾಕಿಕೊಂಡಿದ್ದರು. ಅವರು ತೀರಿಕೊಂಡು ಮೂರು ವರ್ಷವಾಗಿತ್ತು.

"ಇದೊಂದಕ್ಕೆ ಅಂಕ ಇಲ್ಲ. ನನ್ನ ಹೆಂಡತಿಯದಕ್ಕೆ ನಾನೇ ಹಾಕಿದರೆ ಎಪ್ಪತ್ತಕ್ಕೆ ಎಪ್ಪತ್ತು ಹಾಕ್ತೀನಿ, ಅದು ಸುಳ್ಳು. ಕಣ್ಣು ಪೂರ್ತಿ ಹೋಗೋ ಮುಂಚೆ ಲಕೋಟೆ ಮೇಲೆ ಒಂದು ನಿಜವಾದ ಅಂಕ ನೋಡಬೇಕು. ನನಗೆ ಗೊತ್ತಿರೋರಲ್ಲಿ ನಿನ್ನಷ್ಟು ಕಲ್ಲು ಮನಸ್ಸಿನವರು ಯಾರೂ ಇಲ್ಲ," ಅಂದರು.

ನಮ್ಮಲ್ಲೂ ಇದೇ ನಿಯಮ ತಾನೇ, ನಮ್ಮ ಶಾಲೆಯ ಪೇಪರನ್ನು ನಾವು ತಿದ್ದುವ ಹಾಗಿಲ್ಲ. ಹಗಲು ಬೆಳಕಿನಲ್ಲಿ ಎರಡು ದಿನ ನೋಡಬೇಕು ಅಂದೆ. "ತಗೊಂಡು ಹೋಗು, ಶನಿವಾರ ತಂದುಕೊಡು," ಅಂತ ಒಂದು ಪುಟ್ಟ ಡಬ್ಬಿಯಲ್ಲಿ ಹಾಕಿ ಕೈಗೆ ಕೊಟ್ಟರು.

ಶುಕ್ರವಾರ

ಗುರುವಾರವಿಡೀ ಅಡುಗೆಮನೆ ಕಿಟಕಿಯಲ್ಲಿ ಕೂತು ಭೂತಗನ್ನಡಿ ಹಿಡಿದೆ. ನೋಟ್ ಬುಕ್ಕಿನಲ್ಲಿ ಬರೆದುಕೊಂಡೆ: ಮೊದಲ ಅಂಕ ಹತ್ತು, ತೂತಿಗೆ ಮತ್ತು ಅಂಚಿನ ಪೆಟ್ಟಿಗೆ ಕಳೆದು ನಿವ್ವಳ ಆರು. ಆ ಬಣ್ಣ ಇಲ್ಲದಿದ್ದರೆ ಐದೂ ಬರುತ್ತಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಇನ್ನೊಮ್ಮೆ ನೋಡೋಣ ಅಂತ ನಾಣ್ಯವನ್ನು ಕಿಟಕಿ ಕಟ್ಟೆಯ ಮೇಲೆ ಬಿಟ್ಟು ಸ್ನಾನಕ್ಕೆ ಹೋದೆ. ಅದೇ ನಾನು ಮಾಡಿದ ತಪ್ಪು.

ತಲೆ ಒರೆಸಿಕೊಂಡು ಬಂದರೆ ಕಟ್ಟೆ ಖಾಲಿ. ಸಿಂಕಿನಲ್ಲಿ ಹುಣಸೆಹಣ್ಣಿನ ಗಷ್ಟು, ಉಪ್ಪು, ತೆಂಗಿನ ನಾರು. ದೇವರ ಶೆಲ್ಫಿನಲ್ಲಿ ಥಳಥಳ ಹೊಳೆಯುವ ಚೊಂಬು, ಪಂಚಪಾತ್ರೆ. ಅವುಗಳ ಮುಂದೆ ವೀಳ್ಯದೆಲೆ ಇಲ್ಲದ್ದಕ್ಕೆ ಒಂದು ಪಾಲಕ್ ಎಲೆ. ಎಲೆಯ ಮೇಲೆ, ಹಸಿ ಕ್ಯಾರೆಟ್ಟಿನ ಬಣ್ಣಕ್ಕೆ ತಿರುಗಿದ ಲಿಬರ್ಟಿ, ಹಣೆಗೆ ಕುಂಕುಮ, ಕೆನ್ನೆಗೆ ಅರಿಶಿನ!

"ನೋಡಿ ವಿಶಾಲಾಕ್ಷಮ್ಮ, ಲಕ್ಷ್ಮಿ ಪದಕ ತಂದು ಹಾಗೆ ಕರ್ರಗೆ ಬಿಟ್ಟುಬಿಟ್ಟಿದ್ರಲ್ಲ! ಶುಕ್ರವಾರ ಅಮ್ಮನವರನ್ನ ಹಾಗಿಡಬಾರದು. ನಿಮ್ಮ ಹುಣಸೆಹಣ್ಣು ಏನು ಹುಳಿ ರೀ, ಎರಡೇ ಉಜ್ಜಿಗೆ ಬಿಟ್ಕೊಂಡಿತು," ಅಂದರು ಕಮಲಮ್ಮನವರು. ಮುಖದಲ್ಲಿ ಎಂಥ ಸಂತೋಷ!

ತರಗತಿಯಲ್ಲಿ ಆಗಿದ್ದರೆ ಹೆಂಚು ಹಾರಿಹೋಗುವ ಹಾಗೆ ಕೂಗುತ್ತಿದ್ದೆ. ಬೀಗಿತ್ತಿಯ ಮೇಲೆ ಕೂಗುವುದು ಹೇಗೆ? ನಾಳೆ ರೂಪಾ ಅದೇ ಮನೆಯಲ್ಲಿ ಬಾಳಬೇಡವೇ? "ತುಂಬಾ ಚೆನ್ನಾಗಿದೆ ಕಮಲಮ್ಮನವರೇ" ಅಂದು ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ಆ ಶಬ್ದದಲ್ಲಿ ಅತ್ತೆ. ನಲವತ್ತು ವರ್ಷ ಒಬ್ಬ ಹೆಂಗಸಿನ ಮೈಶಾಖ ಕುಡಿದು ಆದ ಬಣ್ಣ ಅದು. ನಾನೇ ಹೊತ್ತು ತಂದ ಹುಣಸೆಹಣ್ಣು ಅದನ್ನು ಐದು ನಿಮಿಷದಲ್ಲಿ ತಿಂದುಹಾಕಿತ್ತು.

ಗ್ಯಾರೇಜು

ಮಧ್ಯಾಹ್ನ ಶ್ರೀಧರ ಬೇಗ ಬಂದ. ಅವನನ್ನು ಗ್ಯಾರೇಜಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. "ಚಿಕ್ಕಮ್ಮ, ಮತ್ತೆ ಕಪ್ಪು ಮಾಡೋಕೆ ಆಗಲ್ವಾ?" ಅಂತ ಕೇಳಿದ.

ಆಗುತ್ತದೆ. ಅದೇ ಕಷ್ಟ. ಬೇಯಿಸಿದ ಮೊಟ್ಟೆಯ ಗಂಧಕ ತಾಗಿದರೆ ತಾಮ್ರ ಕಪ್ಪಾಗುತ್ತದೆ. ಉಜ್ಜಿದ ನಾಣ್ಯ ಮಾರುವ ಕಳ್ಳರು ಮಾಡುವುದೇ ಅದು. ಕಣ್ಣಿದ್ದವರು ಹಿಡಿಯುತ್ತಾರೆ. ರಾನ್‌ಗೆ ಕಣ್ಣಿಲ್ಲ.

"ಮೊಟ್ಟೆ ಬೇಕು. ನಿಮ್ಮಮ್ಮನ ಮನೇಲಿ ಎಲ್ಲಿಂದ ತರೋದು?" ಅಂದೆ. ಶ್ರೀಧರ ಆ ಕಡೆ ಈ ಕಡೆ ನೋಡಿ, ಹುಲ್ಲು ಕತ್ತರಿಸುವ ಯಂತ್ರದ ಹಿಂದಿನಿಂದ ಒಂದು ಕರೆಂಟು ಒಲೆ, ಒಂದು ಸಣ್ಣ ಪಾತ್ರೆ, ಅರ್ಧ ಡಜನ್ ಮೊಟ್ಟೆ ತೆಗೆದ. "ಅಮ್ಮನಿಗೆ ಹೇಳ್ಬೇಡಿ ಚಿಕ್ಕಮ್ಮ, ದಮ್ಮಯ್ಯ." ಅಷ್ಟು ದುಃಖದಲ್ಲೂ ನಗು ತಡೆಯಲಾಗಲಿಲ್ಲ. ಕುಂಕುಮ ತೊಳೆದು, ಬೇಯಿಸಿದ ಮೊಟ್ಟೆ ಕತ್ತರಿಸಿ, ಖಾಲಿ ಐಸ್‌ಕ್ರೀಂ ಡಬ್ಬದಲ್ಲಿ ನಾಣ್ಯದ ಜೊತೆ ಮುಚ್ಚಿಟ್ಟೆವು. ಶನಿವಾರ ಬೆಳಿಗ್ಗೆ ತೆಗೆದರೆ ಕಂದು ಬಣ್ಣ ಬಂದಿತ್ತು. ಡಿಕಾಕ್ಷನ್ ಅಲ್ಲ, ಚಿಕೋರಿ. ಆದರೂ ಕಂದು.

"ಯಾರಿಗೂ ಗೊತ್ತಾಗಲ್ಲ," ಅಂದ ಶ್ರೀಧರ. ಕಾಪಿ ಹೊಡೆದ ಹುಡುಗರೂ ಹೀಗೇ ಅಂದುಕೊಳ್ಳುತ್ತಿದ್ದರೇನೋ ಅನ್ನಿಸಿತು.

ಮತ್ತೆ ಪೆಟೋನಿ

ರಾನ್ ಇಸ್ತ್ರಿ ಅಂಗಿ ಹಾಕಿಕೊಂಡು ಕಾಯುತ್ತಿದ್ದರು. ಡಬ್ಬಿ ತೆಗೆದು, ನಾಣ್ಯವನ್ನು ಅಂಗೈಗೆ ಹಾಕಿಕೊಂಡು, ಕಣ್ಣಿನಂಚಿನಿಂದ ನೋಡಿದರು. "ಹಾಂ, ಬಂದಳು," ಅಂದರು. ಅಷ್ಟೇ. ಏನೂ ಗೊತ್ತಾಗಲಿಲ್ಲ. ನನಗೆ ಹೋದ ಜೀವ ಬಂದ ಹಾಗಾಯಿತು. ಒಂದೇ ಒಂದು ನಿಮಿಷ.

ಅವರು ಹೊಸ ಲಕೋಟೆ ಮುಂದಿಟ್ಟರು. ತಮಗೆ ಕಾಣಲಿ ಅಂತ ದಪ್ಪ ಕಪ್ಪು ಪೆನ್ನೂ ತಂದಿದ್ದರು. "ದೊಡ್ಡದಾಗಿ ಬರಿ."

ಮೊದಲು ಹತ್ತು ಅಂತ ಬರೆದೆ. ಅದು ನಿಜವೇ. ನಿವ್ವಳ ಅಂಕದ ಜಾಗಕ್ಕೆ ಪೆನ್ನು ಇಟ್ಟೆ. ಆರು ಅಂತ ಬರೆದರೆ ಮುಗಿಯಿತು, ಟೀ ಕುಡಿದು ಮನೆಗೆ ಹೋಗಬಹುದು. ಕೈ ಮುಂದೆ ಓಡಲಿಲ್ಲ. ಮೂವತ್ತೊಂದು ವರ್ಷದಲ್ಲಿ ನನ್ನ ಕೈ ಬರೆಯದ ಸುಳ್ಳು ಅದು. ಅದನ್ನು ಈ ಮನುಷ್ಯನಿಗೆ ಕೊಡಲೇ, ನಿಜವಾದ ಅಂಕ ಬೇಕು ಅಂತ ಕಾದು ಕೂತವರಿಗೆ?

ಮೂರು ಅಂತ ಬರೆದೆ.

ಅವರು ಲಕೋಟೆಯನ್ನು ಮೂಗಿನ ಹತ್ತಿರ ಹಿಡಿದು ಓದಿದರು. "ಮೂರಾ? ನಾನು ಆರು ಅಂದುಕೊಂಡಿದ್ದೆ."

"ಮೊನ್ನೆ ಆರೇ ಇತ್ತು," ಅಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಬೀಗಿತ್ತಿ, ಹುಣಸೆಹಣ್ಣು, ಶುಕ್ರವಾರ, ಲಕ್ಷ್ಮಿ, ಕುಂಕುಮ, ಮೊಟ್ಟೆ, ನಿಮ್ಮ ಕಣ್ಣಿಗೆ ಕಾಣುವುದಿಲ್ಲ ಅಂತ ನಾನು ಲೆಕ್ಕ ಹಾಕಿದ್ದು. ಅದನ್ನೂ ಹೇಳಿದೆ. ಹೇಳುವಾಗ ಅಳು ಬಂತು, ಅಳುತ್ತಲೇ ಹೇಳಿದೆ.

ರಾನ್ ಎದ್ದು ಕಿಟಕಿಗೆ ಹೋಗಿ ನಿಂತರು. ಹೊರಗೆ ಗಾಳಿಗೆ ಯಾರದೋ ಟವೆಲ್ಲು ಬೇಲಿಗೆ ಸಿಕ್ಕಿಕೊಂಡು ಹೊಡೆದುಕೊಳ್ಳುತ್ತಿತ್ತು. "ಅದು ಮಾರ್ಗರೆಟ್ ಬಣ್ಣ. ನನಗೆ ತುಂಬಾ ಬೇಜಾರಾಗಿದೆ, ಅಲ್ಲ ಅಂತ ಹೇಳಲ್ಲ," ಅಂದರು.

ಆಮೇಲೆ ವಾಪಸ್ ಬಂದು ನಾಣ್ಯ ಎತ್ತಿ ಮೂಸಿದರು. ಮುಖ ಸಿಂಡರಿಸಿದರು. "ಮೊಟ್ಟೆ ಜಾಸ್ತಿ ಬೆಂದಿದೆ." ತೂತಿನ ಒಳಗೆ ಉಗುರು ತೂರಿಸಿ ನೋಡಿದರು. ಉಗುರಿನ ತುದಿಗೆ ಕೆಂಪು ಅಂಟಿತು. ನಾವು ತೊಳೆದದ್ದು ಸಾಲದೆ ಕುಂಕುಮ ಅಲ್ಲಿ ಉಳಿದುಕೊಂಡಿತ್ತು.

"ಇದು ಅವರು ದೇವರಿಗೆ ಹಚ್ಚೋದಾ?"

"ದೇವರಿಗೆ. ಮುತ್ತೈದೆಯರಿಗೂ ಹಚ್ತೀವಿ. ಗೌರವಕ್ಕೆ," ಅಂದೆ. "ತೆಗೀತೀನಿ ಕೊಡಿ, ನಾಣ್ಯ ಒರೆಸೋ ಒಂಟೆ ಕೂದಲ ಬ್ರಷ್ ಇದೆ."

"ಮುಟ್ಟಬೇಡ," ಅಂದರು. ಉಗುರಿನಲ್ಲಿದ್ದದ್ದನ್ನೂ ಹುಷಾರಾಗಿ ತೂತಿಗೇ ಒರೆಸಿದರು. ಆಮೇಲೆ ಲಕೋಟೆ ಎಳೆದುಕೊಂಡು, "ಮೂರು ಕಡಿಮೆ ಆಯ್ತು. ನಾಲ್ಕು ಕೊಡಬಹುದಿತ್ತು," ಅಂದರು.

"ಮೂರೇ."

"ಆ ಅಮ್ಮ ಅವಳನ್ನ ದೇವರು ಅಂದುಕೊಂಡಿದ್ದಕ್ಕೆ ಒಂದು ಅಂಕ ಇಲ್ವಾ?"

"ರಾನ್, ಭಕ್ತಿಗೆ ಅಂಕ ಇಲ್ಲ!" ಅಂತ ಕಣ್ಣೊರೆಸಿಕೊಳ್ಳುತ್ತಲೇ ಕೂಗಿದೆ. ಅವರು ನಕ್ಕರು. ಬುಧವಾರದ ಆ ನಗುವೇ. ಮೂರೇ ಉಳಿಯಿತು.

ಅವರು ಪೆನ್ನು ತೆಗೆದುಕೊಂಡು ಕೆಳಗಿನ ಸಾಲಿಗೆ ಬಂದರು. 'ತೂತು. ಯಾರೋ, ಮೊಳೆಯಿಂದ' ಅಂತ ಬರೆದರು. 'ಅಂಚಿಗೆ ಪೆಟ್ಟು. ಮಾರ್ಗರೆಟ್ ಗುದ್ದಲಿ.' 'ಹುಣಸೆಹಣ್ಣು' ಅಂತ ಬರೆದು ನಿಲ್ಲಿಸಿದರು.

"ಈ ಪೆಟ್ಟಿಗೆಯಲ್ಲಿ ಇನ್ನೂರು ಲಕೋಟೆ ಇವೆ. ಎಲ್ಲದರಲ್ಲೂ ಯಾರೋ, ಯಾರೋ, ಯಾರೋ. ನನ್ನ ಹೆಂಡತಿ ಬಿಟ್ಟರೆ ಒಬ್ಬರ ಹೆಸರೂ ನನಗೆ ಸಿಕ್ಕಿಲ್ಲ. ಆ ಅಮ್ಮನ ಹೆಸರೇನು, ನಿಧಾನವಾಗಿ ಹೇಳು."

ನಾನು ಹೇಳಿದೆ. ಅವರು ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿ, ಒಂದೊಂದೇ ಅಕ್ಷರ ದೊಡ್ಡದಾಗಿ, ಕಮಲಮ್ಮ ಅಂತ ಬರೆದರು.